ಹೆಂಗಸರ ಚೀಲ

ನಾನು ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸದಲ್ಲಿದ್ದಾಗ, ಹರಿಹರದಿಂದ ದಿನವೂ ಬಸ್ಸಿಗೆ ಬರುತ್ತಿದ್ದ ಹೆಂಗಸೊಬ್ಬರು ಬಾಗಿಲು ಕಾಯುತ್ತಿದ್ದರು. ಹೊರಡುವ ಹೆಂಗಸರ ಚೀಲವನ್ನಷ್ಟೇ ನೋಡಬೇಕು, ಗಂಡಸರನ್ನು ತಡೆಯಬಾರದು ಎಂದು ಮಾಲೀಕರ ಅಪ್ಪಣೆ. "ತಪ್ಪು ತಿಳಿಬ್ಯಾಡ್ರಿ" ಎನ್ನುತ್ತಾ ಆಕೆ ಎರಡೇ ಬೆರಳಲ್ಲಿ ಚೀಲದ ಬಾಯಿ ಸರಿಸುತ್ತಿದ್ದರು.

ಒಂದು ಮಧ್ಯಾಹ್ನ ತೆಳು ರೇಷ್ಮೆ ಶಾಲೊಂದು ಕಾಣೆಯಾಯಿತು. ಮಾಲೀಕರು ಕೊಕ್ಕನೂರಿನ ಬಸಿರಿಯೊಬ್ಬಳ ಚೀಲವನ್ನು ಮೇಜಿನ ಮೇಲೆ ಸುರಿದರು. ಒಳಲಂಗ, ಮಾತ್ರೆ, ಆಸ್ಪತ್ರೆ ಚೀಟಿ ಎಲ್ಲರೆದುರು ಹರಡಿದವು.

"ಹೊಟ್ಟಿ ಹತ್ರ ಕೈಹಾಕಿ ನೋಡು" ಎಂದು ಅವರು ಕಾವಲಿನಾಕೆಗೆ ಗದರಿದರು. ಹುಡುಗಿ ಒಳಲಂಗದ ಮೇಲೆ ಸೆರಗು ಎಳೆದಳು.

ಕಾವಲಿನಾಕೆ ಅವಳನ್ನು ಮುಟ್ಟಲಿಲ್ಲ. ಜೇಬಿನಲ್ಲಿ ಕೈಯಿಟ್ಟು ಬಾಗಿಲತ್ತ ಹೊರಟಿದ್ದ ಜುಬ್ಬಾದ ಹಿರಿಯರೊಬ್ಬರಿಗೆ ಅಡ್ಡ ನಿಂತರು.

"ತಪ್ಪು ತಿಳಿಬ್ಯಾಡ್ರಿ, ಜೇಬಿಂದ ಕೈ ತೆಗೀರಿ."

ಕೈಯ ಜೊತೆಗೆ ಶಾಲೂ ಹೊರಬಂತು. "ಯಾಕ ತಗಂಡೆ ಅಂತ ನನಗೇ ಗೊತ್ತಿಲ್ಲ" ಎಂದು ಹಿರಿಯರು ಶಾಲನ್ನು ಮೇಜಿನ ಮೇಲಿಟ್ಟರು.

"ಮರೆತು ಇಟ್ಕಂಡಿರ್ತೀರಿ, ಕೂಡ್ರಿ" ಎಂದು ಮಾಲೀಕರು ಕುರ್ಚಿ ಎಳೆದರು.

"ಈಕಿಗೂ ಕೂಡು ಅನ್ನಬೋದಿತ್ತಲ್ರಿ?" ಎಂದು ಕಾವಲಿನಾಕೆ ಕೇಳಿದರು. ಅವರೇ ಹುಡುಗಿಯ ಸಾಮಾನನ್ನು ಚೀಲಕ್ಕೆ ತುಂಬಿ, ಅವಳನ್ನು ಬಸ್ಸು ಹತ್ತಿಸಿ ಬಂದರು.

ಮರುದಿನ ಊಟಕ್ಕೆ ಹೊರಟ ಮಾಲೀಕರ ಚೀಲಕ್ಕೂ ಆಕೆ ಕೈಚಾಚಿದರು. ಮಾಲೀಕರು ನಮ್ಮತ್ತ ಒಮ್ಮೆ ನೋಡಿ, ಚೀಲ ತೆರೆದು ತೋರಿಸಿದರು.