ಅರ್ಧ ಮಾತು ನಮ್ಮದು, ಅರ್ಧ ಬಂದವರದು

ಇವತ್ತು ಶನಿವಾರ. ಐದಕ್ಕೆ ನಳ ಬಂತು, ಎರಡು ಪೀಪಾಯಿ ತುಂಬಿದೆ. ತುಳಸಿಗೆ ನೀರು ಹಾಕಿದೆ. ಇಪ್ಪತ್ತು ಜೋಳದ ರೊಟ್ಟಿ ಬಡಿದು, ಅದರಲ್ಲಿ ಎಂಟನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಇಟ್ಟೆ. ಬದನೆಕಾಯಿಗೆ ಮಸಾಲೆ ತುಂಬಿದೆ. ಮಗಳು ಉಮಾಳ ಶಾಲೆಯ ಅಂಗಿಗೆ ಇಸ್ತ್ರಿ ಮಾಡಿ, ಜೇಬಿನ ಹತ್ತಿರ ಬಿಚ್ಚಿದ್ದ ಹೊಲಿಗೆ ಹಾಕಿದೆ. ಎದುರು ಮನೆಯ ಶಿಂದೆ ಕಾಕುವಿನ ಬಟ್ಟಲು ಹಿಂತಿರುಗಿಸುವುದಿತ್ತು. ಖಾಲಿ ಕೊಡಬಾರದೆಂದು ಶೇಂಗಾ ಚಟ್ನಿ ತುಂಬಿ ಕೊಟ್ಟೆ. ಉಮಾಳನ್ನು ಮೂರು ಸಲ ಎಬ್ಬಿಸಿದೆ.

ಎಂಟಕ್ಕೆ ಶಾಲೆಯಲ್ಲಿ ಸಮಾರಂಭ. ಇಲ್ಲಿ ಎಂಟೆಂದರೆ ಎಂಟೇ.

ಈ ಮಾತು ಕಲಿಯಲು ನನಗೆ ಬಹಳ ದಿನ ಬೇಕಾಯಿತು. ನವಲಗುಂದದಿಂದ ಈ ಮರಾಠಿ ಸೀಮೆಗೆ ಬಂದು ಚಿಂಚವಾಡದ ಈ ಕಾಲನಿಯಲ್ಲಿ ಸಾಮಾನು ಇಳಿಸಿದ ಮೊದಲ ದಿನವೇ ಒಂದು ಪೆಟ್ಟು ಬಿದ್ದಿತ್ತು. ಮಧ್ಯಾಹ್ನ ಎರಡು ಗಂಟೆ. ಹಾಲು ಕಾಯಿಸಿಟ್ಟಿದ್ದೆ, ಹೆಪ್ಪು ಹಾಕಲು ಒಂದು ಚಮಚ ಮೊಸರು ಬೇಕಿತ್ತು. ಊರಿನಲ್ಲಿ ಮೊಸರಿಗೆ ಹೋದವಳು ಚಹಾ ಕುಡಿದು ಬರುವುದು ವಾಡಿಕೆ. ಬಟ್ಟಲು ಹಿಡಿದು ಎದುರು ಮನೆಯ ಗಂಟೆ ಒತ್ತಿದೆ. ಬಾಗಿಲು ತೆರೆದ ಹೆಂಗಸು ನನ್ನ ಮುಖ ನೋಡಲಿಲ್ಲ, ಬಟ್ಟಲೂ ನೋಡಲಿಲ್ಲ. ಬಾಗಿಲಿಗೆ ತೂಗುಹಾಕಿದ್ದ ಹಲಗೆಯ ಮೇಲೆ ಬೆರಳಿಟ್ಟಳು, ಬಾಗಿಲು ಮುಚ್ಚಿದಳು. ಹಲಗೆಯ ಮೇಲೇನಿದೆ ಎಂದು ಸಂಜೆ ಇವರು ಬಂದು ಓದಿ ಹೇಳಿದರು: 'ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಗಂಟೆ ಬಾರಿಸಬಾರದು.'

ಆದರೆ ಅವರು ಓದಿ ಹೇಳುವುದರೊಳಗೆ ಮೊಸರು ಬಂದಾಗಿತ್ತು. ಗಡಿಯಾರದಲ್ಲಿ ನಾಲ್ಕಾದ ಕೂಡಲೇ ಅದೇ ಹೆಂಗಸು ದೊಡ್ಡ ಬಟ್ಟಲಿನ ತುಂಬ ಮೊಸರು ಹಿಡಿದು ನಮ್ಮ ಬಾಗಿಲಿಗೆ ಬಂದಿದ್ದಳು. ಆಕೆಯೇ ಶಿಂದೆ ಕಾಕು. ಕಾಕು ಎಂದರೆ ಚಿಕ್ಕಮ್ಮ. ಇಲ್ಲಿಯ ಜನ ಹೇಗೆ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ಈಗಲೂ ಈ ಒಂದು ಮಧ್ಯಾಹ್ನದ ಕಥೆ ಹೇಳುತ್ತೇನೆ. ಎರಡಕ್ಕೆ ಬಾಗಿಲು ಮುಚ್ಚುತ್ತಾರೆ, ನಾಲ್ಕಕ್ಕೆ ಬಟ್ಟಲು ತುಂಬಿ ತರುತ್ತಾರೆ.

ಮಧ್ಯಾಹ್ನ ಮಲಗುವ ಈ ಪದ್ಧತಿ ಮಾತ್ರ ನನಗೆ ಹಿಡಿಸಲಿಲ್ಲ. ನಮ್ಮ ಕಡೆ ಹಾಡಹಗಲೇ ಮಲಗಿದ ಹೆಂಗಸನ್ನು ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳುತ್ತಾರೆ. ನಾನು ಆ ಮೂರು ಗಂಟೆಯಲ್ಲಿ ಅಕ್ಕಿ ಹಸನು ಮಾಡಿದೆ, ಸ್ವೆಟರ್ ಹೆಣೆದೆ, ಉಮಾಳ ಪುಸ್ತಕ ಹಿಡಿದು ಮರಾಠಿ ಓದಲು ಕಲಿತೆ. ಅಂಗಡಿಗಳು ಮುಚ್ಚಿದ ಬೀದಿಯಲ್ಲಿ ಎಚ್ಚರ ಇದ್ದವಳು ನಾನೊಬ್ಬಳೇ ಎನ್ನುವ ಜಂಬ ಬೇರೆ. ಜಂಬ ಅಂತ ಈಗ ಅನ್ನುತ್ತೇನೆ. ಆಗ ಅದು ಒಂಟಿತನವೇ ಆಗಿತ್ತು.

ಉಮಾ ಈಗ ಒಂಬತ್ತನೆಯ ಇಯತ್ತೆಯಲ್ಲಿದ್ದಾಳೆ. ತರಗತಿಗೆ ಇಲ್ಲಿ ಇಯತ್ತೆ ಅನ್ನುತ್ತಾರೆ. ನಮ್ಮ ಕಡೆ ಅಕ್ಕೋರು ಅನ್ನುವ ಹಾಗೆ ಶಿಕ್ಷಕಿಯನ್ನು ಬಾಯಿ ಅನ್ನುತ್ತಾರೆ. ಉಮಾಳ ಶಾಲೆಯಲ್ಲಿ ಆದರ್ಶ ವಿದ್ಯಾರ್ಥಿ ಮಂಡಳ ಎಂದು ಒಂದಿದೆ. ವರ್ಷಕ್ಕೆ ಐದೇ ಮಕ್ಕಳನ್ನು ಅದಕ್ಕೆ ಸೇರಿಸಿಕೊಂಡು ಎದೆಗೆ ಹಿತ್ತಾಳೆಯ ಬಿಲ್ಲೆ ಚುಚ್ಚುತ್ತಾರೆ. ಓದಿನಲ್ಲಿ ಮುಂದಿದ್ದರಷ್ಟೇ ಸಾಲದು. ಚಾರಿತ್ರ್ಯ, ನೇತೃತ್ವ, ಸೇವೆ, ಅಭ್ಯಾಸ ಎಂದು ನಾಲ್ಕು ಚೌಕದ ಮನೆಗಳ ಕಾಗದ. ನಾಲ್ಕೂ ತುಂಬಬೇಕು. ಅದಕ್ಕಾಗಿ ಶಿಕ್ಷಕರು ಮನೆಗೇ ಬಂದು ತಾಯಿ-ತಂದೆಯನ್ನು ಕೇಳುತ್ತಾರೆ. ಉಮಾ ಎರಡು ವರ್ಷದಿಂದ ಆ ಬಿಲ್ಲೆಯ ಮೇಲೆ ಕಣ್ಣಿಟ್ಟಿದ್ದಳು. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಲೆಕ್ಕದ ವಹಿಯ ಕೊನೆಯ ಪುಟದಲ್ಲಿ ಅದರ ಚಿತ್ರ ಬರೆದುಕೊಂಡದ್ದನ್ನು ನಾನು ನೋಡಿದ್ದೆ.

ಈ ಮಂಗಳವಾರ ಐದಕ್ಕೆ ಬರುತ್ತೇವೆ ಎಂದಿದ್ದರು, ಐದಕ್ಕೇ ಬಂದರು: ಸಾನೆ ಬಾಯಿ ಮತ್ತು ಕನ್ನಡಕದ ಒಬ್ಬ ಸರ್. ಒಗ್ಗರಣೆ ಅವಲಕ್ಕಿ, ಚಹಾ ಕೊಟ್ಟೆ. ಬಾಯಿ ವಹಿ ತೆರೆದು ಮರಾಠಿಯಲ್ಲಿ ಕೇಳಿದರು:

"ಹೇಳಿ, ನಿಮ್ಮ ಮಗಳು ಹೇಗೆ?"

ನವಲಗುಂದದ ಯಾವ ತಾಯಿಯಾದರೂ ಏನು ಹೇಳುತ್ತಾಳೋ ಅದನ್ನೇ ನಾನೂ ನನ್ನ ಹರಕು ಮರಾಠಿಯಲ್ಲಿ ಹೇಳಿದೆ:

"ಏನ್ ಹೇಳಲಿ ಬಾಯಿ, ಭಾಳ ಆಳಸಿ. ಮೂರು ಸಲ ಎಬ್ಬಿಸದೆ ಏಳೂದಿಲ್ಲ. ಎದುರು ಮಾತಾಡ್ತಾಳ."

ನಮ್ಮಲ್ಲಿ ಹೆತ್ತವರು ತಮ್ಮ ಮಗುವನ್ನು ತಾವೇ ಹೊಗಳುವುದಿಲ್ಲ. ದೃಷ್ಟಿ ತಾಗುತ್ತದೆ. ನಾವು ಒಂದು ಮೆಟ್ಟಿಲು ಇಳಿಸಿ ಹೇಳಬೇಕು, ಬಂದವರು "ಛೆ ಛೆ, ಹಂಗ್ಯಾಕಂತೀರಿ, ಬಂಗಾರದಂಥಾ ಹುಡುಗಿ" ಎಂದು ಎರಡು ಮೆಟ್ಟಿಲು ಏರಿಸಬೇಕು. ಅರ್ಧ ಮಾತು ನಮ್ಮದು, ಉಳಿದರ್ಧ ಬಂದವರದು. ನನ್ನ ಅರ್ಧ ಹೇಳಿ ಮುಗಿಸಿ, ಚಹಾದ ಕಪ್ಪು ಹಿಡಿದು ಕಾಯುತ್ತ ಕುಳಿತೆ.

ಬಾಯಿ ತಮ್ಮ ಅರ್ಧ ಹೇಳಲಿಲ್ಲ. ಬರೆದುಕೊಂಡರು.

"ಕಾಲನಿಯ ಹಿಂದಿನ ಕಟ್ಟಡದ ಕೆಲಸದವರ ಮಕ್ಕಳಿಗೆ ಪಾಠ ಹೇಳುತ್ತಾಳಂತೆ?"

"ಅಯ್ಯ, ಅದೇನ್ ಪಾಠ! ಮನೀ ಕೆಲಸ ತಪ್ಪಿಸ್ಕೊಳ್ಳಾಕ ಹೋಗ್ತಾಳ."

ಅದನ್ನೂ ಬರೆದುಕೊಂಡರು. ಅವಲಕ್ಕಿ ಚೆನ್ನಾಗಿತ್ತು ಎಂದು ಹೇಳಿ ಎದ್ದರು. ಚೆನ್ನಾಗಿತ್ತು ಅಂದರೆ ನಿಜಕ್ಕೂ ಚೆನ್ನಾಗಿತ್ತು ಅಂತ. ಇಲ್ಲಿಯವರು ಸುಮ್ಮನೆ ಅನ್ನುವುದಿಲ್ಲ.

ಅವರು ಮೆಟ್ಟಿಲು ಇಳಿಯುತ್ತಿದ್ದಂತೆ ಉಮಾ ಒಳಗಿನಿಂದ ಬಂದಳು. ಕಣ್ಣು ತುಂಬಿತ್ತು.

"ಅವ್ವಾ, ನನ್ನ ಹೆಸರು ನೀನಽ ಹೊಡದ್ಹಾಕಿದಿ!"

"ನಾ ಏನಂದೆ? ಎಲ್ಲಾರೂ ಅನ್ನೂದಽ ಅಂದೆ."

"ಇದು ನವಲಗುಂದ ಅಲ್ಲವ್ವಾ! ಇಲ್ಲೆ ಹೇಳಿದ್ದನ್ನ ಹೇಳಿದಂಗಽ ಬರಕೋತಾರ!"

ಕೆಲಸ ಮುಗಿಸಿ ಬಂದ ಇವರಿಗೆ ಎಲ್ಲ ಹೇಳಿದರೆ ಬೂಟು ಬಿಚ್ಚುತ್ತಲೇ ನಕ್ಕರು. "ನಿನ್ನ ನೋಡಾಕ ಬಂದಾಗ ನಿಮ್ಮವ್ವನೂ ಹಿಂಗಽ ಅಂದಿದ್ಲು, 'ನಮ್ಮ ಹುಡುಗಿಗೆ ಏನೂ ಬರೂದಿಲ್ಲರಿ' ಅಂತ. ನಾ ನಂಬಲಿಲ್ಲ. ನಂಬಬೇಕಾಗಿತ್ತು."

ಉಮಾ ನಗಲಿಲ್ಲ.

ಮರುದಿನ ಬೆಳಿಗ್ಗೆ ಶಿಂದೆ ಕಾಕುವಿಗೆ ಹೇಳಿದೆ. ಆಕೆ ಹಣೆ ಬಡಿದುಕೊಂಡಳು. "ವೇಡೀ ಆಹೇಸ ಕಾ ತೂ? ನಿನಗೇನು ಹುಚ್ಚೇ? ಶುಕ್ರವಾರ ಶಾಲೆಯ ಫಲಕಕ್ಕೆ ಹೆಸರು ಹಚ್ಚುತ್ತಾರೆ. ಹೋಗು, ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಾ."

ಇದ್ದದ್ದು ಏನು? ಅದನ್ನಾದರೂ ನಾನು ಕಣ್ಣಾರೆ ಎಲ್ಲಿ ನೋಡಿದ್ದೆ? ಬುಧವಾರ ನಾಲ್ಕು ಗಂಟೆಗೆ ಉಮಾ ಮುಖ ಊದಿಸಿಕೊಂಡು ಮೂಲೆ ಸೇರುತ್ತಾಳೆ ಎಂದುಕೊಂಡಿದ್ದೆ. ಅವಳು ಸ್ಲೇಟು, ಪುಸ್ತಕದ ಪಾಟಿಚೀಲ ಹೆಗಲಿಗೆ ಹಾಕಿ ಹೊರಟಳು. ಸ್ವಲ್ಪ ಹೊತ್ತು ಬಿಟ್ಟು ನಾನೂ ಹಿಂದೆ ಹೋದೆ.

ಕಾಲನಿಯ ಹಿಂದೆ ಏಳು ಮಜಲಿನ ಕಟ್ಟಡ ಏಳುತ್ತಿದೆ. ಗಾರೆ ಗಿಲಾವು ಕಾಣದ ಮೆಟ್ಟಿಲ ಕೆಳಗೆ ಹದಿಮೂರು ಮಕ್ಕಳು ಸಾಲಾಗಿ ಕುಳಿತಿದ್ದವು. ಎಲ್ಲರೂ ಯಾದಗಿರಿ, ಕಲಬುರ್ಗಿ ಕಡೆಯವರ ಮಕ್ಕಳು. ಬೆಳಿಗ್ಗೆ ಮರಾಠಿ ಶಾಲೆಗೆ ಹೋಗಿ, ಒಂದು ಮಾತೂ ತಿಳಿಯದೆ ಕುಳಿತು ಬರುವವರು. ಉಮಾ ಅದೇ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಮತ್ತೆ ಮರಾಠಿಯಲ್ಲಿ ಹೇಳಿಸುತ್ತಿದ್ದಳು. ಅವಳ ತರಗತಿಯ ಮರಾಠಿ ಹುಡುಗಿಯರು ನಾಲ್ವರು ಲೆಕ್ಕ ಹೇಳಿಕೊಡುತ್ತಿದ್ದರು. ಯಾರು ಯಾವ ದಿನ ಏನು ಕಲಿಸಬೇಕು ಎಂದು ಪಾಳಿ ಹಾಕಿ, ಸೀಮೆಸುಣ್ಣದಿಂದ ಕಂಬದ ಮೇಲೆ ಬರೆದವಳೂ ಉಮಾಳೇ. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ ಎಂದು ಈ ಹುಡುಗಿ ಎರಡೂ ಕಡೆ ಅರ್ಧಂಬರ್ಧ ಆದಳಲ್ಲ ಎಂದು ನಾನು ಎಷ್ಟು ಸಲ ಮರುಗಿದ್ದೆ. ಅಲ್ಲಿ ನೋಡಿದರೆ ಆ ಎರಡರ ನಡುವಿನ ಜಾಗದಲ್ಲೇ ಹದಿಮೂರು ಮಕ್ಕಳು ಕುಳಿತಿದ್ದವು.

ಇಟ್ಟಿಗೆ ಹೊರುತ್ತಿದ್ದ ಹೆಂಗಸೊಬ್ಬಳು ನಾನು ಸೀರೆ ಉಟ್ಟ ರೀತಿ ನೋಡಿಯೇ ಕನ್ನಡದಲ್ಲಿ ಮಾತಾಡಿಸಿದಳು. ಮಹಾದೇವಮ್ಮ ಎಂದು ಹೆಸರು.

"ಯವ್ವಾ, ನೀವು ಉಮಕ್ಕನ ಅವ್ವೇನ್ರಿ? ನಮ್ಮ ರೇಣವ್ವನ್ನ ಸಾಲಿಗಿ ಸೇರ್ಸಾಕ ಮೂರು ದಿನ ಸಾಲಿ ಬಾಗ್ಲಾಗ ನಿಂತಾಳ ನೋಡ್ರಿ. ದಾಖಲೆ ಇಲ್ಲ ಅಂದ್ರ, 'ಬರೆಸಿ ತರ್ತೀನಿ, ಹುಡುಗೀನ್ನ ಒಳಗ ಕುಂಡ್ರಸ್ರಿ' ಅಂದಳಂತ. ನಿಮ್ಮ ಹೊಟ್ಟಿ ತಣ್ಣಗಿರಲಿ."

ನಾನು ಛೆ ಛೆ ಅನ್ನಲು ಬಾಯಿ ತೆರೆದು, ಮುಚ್ಚಿದೆ.

ಗುರುವಾರ ಹನ್ನೊಂದಕ್ಕೆ ಶಾಲೆಗೆ ಹೋದೆ. ಶಿಕ್ಷಕರ ಕೋಣೆಯಲ್ಲಿ ಸಾನೆ ಬಾಯಿ, ಕನ್ನಡಕದ ಸರ್, ಇನ್ನಿಬ್ಬರು. ದಾರಿಯುದ್ದಕ್ಕೂ ಹೊಂದಿಸಿಕೊಂಡ ಮರಾಠಿ ಬಾಗಿಲಲ್ಲೇ ಉದುರಿ ಹೋಯಿತು. ಮೊನ್ನೆ ನಾನು ಹೇಳಿದ್ದು ಸರಿಯಲ್ಲ ಎಂದಷ್ಟೇ ಹೇಳಿದೆ. ಸರ್ ಕನ್ನಡಕ ತೆಗೆದು ಕೇಳಿದರು:

"ಹಾಗಾದರೆ ಮಂಗಳವಾರದ್ದು ಸುಳ್ಳೋ, ಇವತ್ತಿನದು ಸುಳ್ಳೋ?"

ನ್ಯಾಯವಾದ ಪ್ರಶ್ನೆ. ನನ್ನ ಮಗಳು ಒಳ್ಳೆಯವಳು ಎಂದು ಒಂದು ಮಾತು ಅಂದರೆ ಸಾಕಿತ್ತು. ಅಡ್ಡ ಬಂದದ್ದು ನಲವತ್ತು ವರ್ಷದ ರೂಢಿ. ಕೊನೆಗೆ ಅಂದೆ: "ನನಗ ಹೊಗಳಾಕ ಬರೂದಿಲ್ರಿ. ನಿನ್ನೆ ಅಕಿ ಏನೇನ್ ಮಾಡಿದ್ಲು ಹೇಳ್ತೀನಿ. ನೀವಽ ತೂಗಿ ನೋಡ್ರಿ."

ದಿನದ ಕೆಲಸ ಒಂದೊಂದಾಗಿ ಹೇಳುವುದು ನನಗೆ ಗೊತ್ತು. ಅದೊಂದೇ ಗೊತ್ತು. ಮೂರು ಸಲ ಕೂಗಿದ ಮೇಲೆ ಎದ್ದಳು ಎಂದು ಶುರು ಮಾಡಿದೆ. ಕೊಡ ತುಂಬಿದಳು. ನನ್ನ ಮೇಲಿನ ಸಿಟ್ಟಿಗೆ ತಿಂಡಿ ಬಿಟ್ಟಳು. ಶಾಲೆಯಿಂದ ಬಂದು ಚಪ್ಪಲಿ ಎಸೆದಳು. ನಾಲ್ಕಕ್ಕೆ ಪಾಟಿಚೀಲ ಹಿಡಿದು ಹೋದಳು. ಹದಿಮೂರು ಮಕ್ಕಳಿಗೆ ಪಾಠ ಹೇಳಿದಳು, ಒಬ್ಬನ ಮೂಗು ಒರೆಸಿದಳು. ಮಹಾದೇವಮ್ಮ ಹೇಳಿದ ಆ ಮೂರು ದಿನದ ಮಾತನ್ನೂ ಹೇಳಿದೆ. ಸಂಜೆ ಬಂದು, ನನ್ನ ಜೊತೆ ಮಾತು ಬಿಟ್ಟಿದ್ದರೂ, ನನ್ನ ಪಾಲಿನ ಬೆಳ್ಳುಳ್ಳಿ ಸುಲಿದಿಟ್ಟಳು. ಮರಾಠಿ ಸಿಗದ ಕಡೆ ಕೈಸನ್ನೆ ಮಾಡಿದೆ. ಮೂಗು ಒರೆಸಿದ್ದಕ್ಕೂ ಸನ್ನೆಯೇ; ಅದಕ್ಕೆ ಒಬ್ಬ ಬಾಯಿ ನಕ್ಕೇಬಿಟ್ಟರು.

ಸಾನೆ ಬಾಯಿ ನಗಲಿಲ್ಲ. ವಹಿ ತಿರುಗಿಸಿ ಹೇಳಿದರು:

"ಇವತ್ತು ಬೆಳಿಗ್ಗೆ ಅವಳನ್ನು ಕರೆದಿದ್ದೆವು. ನಿನ್ನ ತಾಯಿ ಹೇಳಿದ್ದು ಖರೆಯೇ ಎಂದು ಕೇಳಿದೆವು. ಏಳುವುದು ತಡ, ಎದುರು ಮಾತು ಎರಡೂ ಖರೆ, ಮನೆಗೆಲಸ ತಪ್ಪಿಸಿದ್ದೂ ಎರಡು ಸಲ ಖರೆ, ಬರೆದದ್ದನ್ನು ಹೊಡೆದು ಹಾಕಬೇಡಿ ಎಂದಳು. ಬಿಲ್ಲೆಗಾಗಿ ಅವ್ವನನ್ನು ಸುಳ್ಳುಗಾತಿ ಮಾಡಲಾರೆ ಎಂದಳು." ಪೆನ್ನಿನ ಮುಚ್ಚಳ ಹಾಕಿದರು. "ಚಾರಿತ್ರ್ಯದ ಮನೆ ಆಗಲೇ ತುಂಬಿತು. ಸೇವೆ, ನೇತೃತ್ವ ನೀವು ತುಂಬಿದಿರಿ. ಅಭ್ಯಾಸ ಅವಳೇ ತುಂಬಿದ್ದಾಳೆ."

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡು ಏಳುತ್ತ, ರೂಢಿ ಬಿಡದೆ, "ಅಂಥಾದ್ದೇನಿಲ್ಲ ಬಿಡ್ರಿ, ಸಾದಾ ಹುಡುಗಿ" ಅಂದೆ.

"ಕಾಹೀತರೀಚ! ಏನೇನೋ ಹೇಳಬೇಡಿ!" ಎಂದು ಬಾಯಿ ಗದರಿದರು. "ಬಂಗಾರದಂಥ ಹುಡುಗಿ."

ಮಂಗಳವಾರದಿಂದ ನಾನು ಕಾಯುತ್ತಿದ್ದ ಅರ್ಧ ಮಾತು ಅದು. ಗುರುವಾರ ಬಂತು. ಮೊಸರಿನ ಹಾಗೆಯೇ ಬಂತು, ಬಟ್ಟಲು ತುಂಬಿ.

ಇವತ್ತು ಎಂಟಕ್ಕೆ ಬಿಲ್ಲೆ ಚುಚ್ಚಿದರು. ಮೈಕಿನಲ್ಲಿ ಇಡೀ ಶಾಲೆಯೆದುರು ಉಮಾಳನ್ನು ಹೊಗಳಿದರು. ಇವರು ಚಪ್ಪಾಳೆ ಹೊಡೆದೂ ಹೊಡೆದೂ ಕೈಗಡಿಯಾರ ಸಡಿಲವಾಯಿತು. ನನಗೆ ಮಾತ್ರ ದೃಷ್ಟಿಯದೇ ಚಿಂತೆ: ಇಷ್ಟು ಜನರ ಕಣ್ಣು! ಬರುವಾಗ ಕಟ್ಟಡದ ಹತ್ತಿರ ನಿಂತು ಎಂಟು ರೊಟ್ಟಿ ಮಹಾದೇವಮ್ಮನ ಕೈಗೆ ಕೊಟ್ಟೆ. ರೇಣವ್ವ ಬಿಲ್ಲೆ ಮುಟ್ಟಿ ನೋಡಿ, ಮರಾಠಿಯಲ್ಲಿ "ಛಾನ ಆಹೆ" ಅಂದಳು, ಚೆಂದ ಅದೆ ಎಂದು. ಮನೆಗೆ ಬಂದವಳೇ ಉಪ್ಪು, ಒಣ ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಉಮಾಳಿಗೆ ನಿವಾಳಿಸಿ ಗ್ಯಾಸಿನ ಉರಿಗೆ ಹಿಡಿದೆ. ಬಾಗಿಲಲ್ಲಿ ಶಿಂದೆ ಕಾಕು ಶ್ರೀಖಂಡದ ಬಟ್ಟಲು ಹಿಡಿದು ಕೆಮ್ಮುತ್ತ ನಿಂತಿದ್ದಳು. "ಘಾಟು ಬಂತು ಅಂದ್ರ ದೃಷ್ಟಿ ತಾಗಿಲ್ಲವ್ವಾ," ಎಂದು ಉಮಾ ನಕ್ಕಳು. ನನಗೂ ನಿರಾಳವಾಯಿತು.

ಬಾಗಿಲ ಹಲಗೆಯ ಊರು ನನ್ನದೋ, ಮೆಣಸಿನಕಾಯಿಯ ಊರು ನನ್ನದೋ, ಹೇಳಲಾರೆ. ನವಲಗುಂದಕ್ಕೆ ಹೋದರೆ ಎಂಟೆಂದು ಹೇಳಿ ಒಂಬತ್ತಕ್ಕೆ ಬರುವವರ ಮೇಲೆ ಈಗ ಸಿಟ್ಟು ಬರುತ್ತದೆ. ಇಲ್ಲಿದ್ದರೆ, ಮೊಸರಿಗೆ ಹೋಗಿ ಚಹಾ ಕುಡಿದು ಬರುವ ಮನೆ ನೆನಪಾಗುತ್ತದೆ.

ಒಂದು ಗಂಟೆಗೆ ಊಟ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಕಾಕುವಿನ ಶ್ರೀಖಂಡ. ಉಮಾ ಶ್ರೀಖಂಡವನ್ನು ರೊಟ್ಟಿಗೆ ಹಚ್ಚಿ ತಿಂದಳು. ಇವರು ಮುಖ ಕಿವುಚಿ, ಆಮೇಲೆ ತಾವೂ ಹಾಗೇ ತಿಂದರು. ಬಾಂಡೆ ತೊಳೆದಿಟ್ಟು, ಐದು ನಿಮಿಷ ಬೆನ್ನು ಚಾಚೋಣ ಎಂದು ಚಾಪೆ ಹಾಸಿದೆ. ಮೊದಲು ನಿದ್ದೆ ಹೋದವಳು ನಾನೇ ಅಂತೆ. ನಾಲ್ಕಕ್ಕೆ ಪಾಟಿಚೀಲ ಹೆಗಲಿಗೇರಿಸಿದ ಉಮಾ ತಲೆಯ ಹತ್ತಿರ ನಿಂತು ಕೂಗುತ್ತಿದ್ದಳು:

"ಏಳವ್ವಾ! ಮೂರು ಸಲ ಎಬ್ಬಿಸಿದೆ!"