ಕಾದ ಸ್ಕೂಟರು, ಕರಗುವ ಬರ್ಫು

ನಾನು ಚಿಕ್ಕವಳಿದ್ದಾಗ, ಅಂದರೆ ಸ್ಕೂಟರಿನ ಮುಂದೆ ನಿಂತರೆ ಅದರ ಹ್ಯಾಂಡಲ್ ನನ್ನ ಗದ್ದಕ್ಕೆ ತಾಗುವಷ್ಟು ಎತ್ತರವಿದ್ದಾಗ, ನಮ್ಮ ಮನೆ ಸಿಂಧನೂರಿನಲ್ಲಿತ್ತು. ಅಪ್ಪ ದನದ ದವಾಖಾನೆಯಲ್ಲಿ ಕೆಲಸಕ್ಕಿದ್ದ. ಅವನ ಅಂಗಿಗೆ ಯಾವಾಗಲೂ ಡೆಟಾಲಿನದೂ ಸಗಣಿಯದೂ ಕೂಡಿದ ಒಂದು ವಾಸನೆ ಇರುತ್ತಿತ್ತು. ನನಗೆ ಅದು ಸೇರುತ್ತಿತ್ತು.

ಅಪ್ಪನ ಹತ್ತಿರ ಒಂದು ಹಳೆಯ ಸ್ಕೂಟರಿತ್ತು. ಆ ಕಾಲದ ಸ್ಕೂಟರಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕಬೇಕು. ಅದಕ್ಕೇ ಅದು ಹೋದಲ್ಲೆಲ್ಲ ಹಿಂದೆ ನೀಲಿ ಹೊಗೆಯ ಬಾಲ. ಅಪ್ಪನ ತಮ್ಮ, ನಮ್ಮ ಕಾಕಾ, ಗಾಡಿ ರಿಪೇರಿ ಅಂಗಡಿ ಇಟ್ಟಿದ್ದ. ಅವನಿಗೆ ವೇಗದ ಹುಚ್ಚು. ಆ ಬೇಸಿಗೆಯಲ್ಲಿ ಅಪ್ಪನ ಸ್ಕೂಟರಿನ ಇಂಜಿನ್ ಬಿಚ್ಚಿ, ಒಳಗಿನ ದಾರಿಗಳನ್ನು ಅರದಿಂದ ಉಜ್ಜಿ ಅಗಲ ಮಾಡಿ, ದೊಡ್ಡದೊಂದು ಕಾರ್ಬ್ಯುರೇಟರ್ ಕೂರಿಸಿಬಿಟ್ಟಿದ್ದ. ಇಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲ್ ಬೆರೆಸಿ ಕೊಡುವ ಭಾಗ ಅದು. ಆಮೇಲೆ ಸ್ಕೂಟರ್ ಹೆದರಿದ ಮೊಲದ ಹಾಗೆ ಓಡಲು ಶುರುಮಾಡಿತು.

ಒಂದು ಮುಂಜಾನೆ ಗುರುಗುಂಟಾದಿಂದ ಬಂದ ಬಸ್ಸಿನ ಡ್ರೈವರ್ ಒಂದು ಸುದ್ದಿ ತಂದ. ಅಲ್ಲಿ ಒಬ್ಬ ಮುದುಕಿಯ ಹಿಂಡಿಗೆ ಜಡ್ಡು ಬಿದ್ದಿದೆ, ಕುರಿಗಳು ಒಂದೊಂದಾಗಿ ಸಾಯುತ್ತಿವೆ. ಅದಕ್ಕೆ ಹಾಕುವ ಲಸಿಕೆ ಲಿಂಗಸುಗೂರಿನಲ್ಲಿ ಮುಗಿದಿತ್ತು, ನಮ್ಮಲ್ಲಿತ್ತು. ಆದರೆ ಅದನ್ನು ಬರ್ಫಿನಲ್ಲಿ, ಅಂದರೆ ಮಂಜುಗಡ್ಡೆಯಲ್ಲಿ, ಇಟ್ಟೇ ಒಯ್ಯಬೇಕು. ಬರ್ಫು ಕರಗಿ ಔಷಧ ಬಿಸಿಯಾದರೆ ಅದು ಬರೀ ನೀರು. ಅಪ್ಪನ ಸಹಾಯಕನಿಗೆ ಜ್ವರ. ಬರ್ಫು ತುಂಬಿದ ಲಸಿಕೆಯ ಡಬ್ಬಿ ಹಿಡಿದು ಹಿಂದೆ ಕೂರಲು ಅಕ್ಕ ಹೊರಟಳು. ನಾನು ಹಟ ಮಾಡಿ ಸ್ಕೂಟರಿನಲ್ಲಿ ಅಪ್ಪನ ಮುಂದೆ ನಿಂತೆ.

ಸಿಂಧನೂರು ದಾಟುವವರೆಗೆ ಅಕ್ಕಿ ಗಿರಣಿಗಳ ತೌಡಿನ ಘಮ. ಕಾಲುವೆಯ ಪಕ್ಕ ಗಾಳಿ ತಂಪಾಗಿತ್ತು. ಮುಂದೆ ಹೋದಂತೆ ಹಸಿರು ತೆಳ್ಳಗಾಯಿತು, ಬಿಸಿಲು ಮುಖಕ್ಕೆ ರಾಚತೊಡಗಿತು. ಮಸ್ಕಿಯ ಕಲ್ಲುಗುಡ್ಡ ದೂರದಿಂದ ಕಾಣುವಷ್ಟರಲ್ಲಿ ಸ್ಕೂಟರಿನ ಕಸುವು ಇಳಿಯಿತು. ಒಳಗೆ ಯಾರೋ ಮೊಳೆ ಬಡಿದ ಹಾಗೆ ಟಕ್ ಟಕ್ ಎಂದಿತು. ಸುಟ್ಟ ಎಣ್ಣೆಯ ನಾತ ಬಂತು. ಆಮೇಲೆ ನಿಂತೇಬಿಟ್ಟಿತು.

ಅಪ್ಪ ಅದನ್ನು ಒಂದು ಬೇವಿನ ಮರದಡಿ ತಳ್ಳಿ ನಿಲ್ಲಿಸಿದ. ಇಂಜಿನ್ನಿನ ಹತ್ತಿರ ಕೈ ಒಯ್ದರೆ ಒಲೆಯ ಮುಂದೆ ಹಿಡಿದಂತಾಗುತ್ತಿತ್ತು. ಅದಕ್ಕೆ ಗಾಳಿ ಬೀಸುವ ಫ್ಯಾನಿನ ಸಂದಿಯಲ್ಲಿ ಹುಲ್ಲು, ಭತ್ತದ ಹೊಟ್ಟು ಕೂತಿತ್ತು. ಅದೇ ಕಾರಣವೆಂದು ಅಪ್ಪ ಕಡ್ಡಿಯಿಂದ ಕೆದರಿ ಸ್ವಚ್ಛ ಮಾಡಿದ. ಆರಿದ ಮೇಲೆ ಕಿಕ್ ಹೊಡೆದರೆ ಚಾಲೂ ಆಯಿತು. ನಾವು ಸಂತೋಷದಿಂದ ಹತ್ತಿ ಹೊರಟೆವು. ಮಸ್ಕಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಅದೇ ಟಕ್ ಟಕ್, ಅದೇ ನಾತ.

ಅಕ್ಕ ಡಬ್ಬಿಯ ಮುಚ್ಚಳ ತುಸುವೇ ಎತ್ತಿ ನೋಡಿದಳು. ಬರ್ಫು ಅರ್ಧಕ್ಕೆ ಬಂದಿತ್ತು. ಲಿಂಗಸುಗೂರಿನ ಬಸ್ಸು ಆಗಲೇ ನಮ್ಮನ್ನು ದಾಟಿ ಹೋಗಿತ್ತು, ಮುಂದಿನದು ಸಂಜೆಗೆ. ಅಪ್ಪ ತನ್ನ ಟವೆಲನ್ನು ಕುಡಿಯುವ ನೀರಿನಲ್ಲಿ ನೆನೆಸಿ ನನ್ನ ಕೈಗೆ ಕೊಟ್ಟ. ನಾನು ಅದನ್ನು ಡಬ್ಬಿಗೆ ಸುತ್ತಿ ಜಾಲಿಮರದ ನೆರಳಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೂತೆ. ನೆರಳು ಸರಿದಂತೆ ನಾನೂ ಸರಿಯುತ್ತಿದ್ದೆ. ಆ ಮುದುಕಿ ದಾರಿ ನೋಡುತ್ತಿರಬಹುದೆಂದು ನೆನೆಯುತ್ತಿದ್ದೆ.

ಅಪ್ಪ ಪೆಟ್ರೋಲನ್ನು ಎರಡು ಬೆರಳಿಗೆ ಹಚ್ಚಿ ತಿಕ್ಕಿ ನೋಡಿದ. ಜಿಡ್ಡು ಇತ್ತು, ಆಯಿಲ್ ಕಡಿಮೆಯಾಗಿರಲಿಲ್ಲ. ಆಮೇಲೆ ಇಂಜಿನ್ನಿನೊಳಗೆ ಕಿಡಿ ಹಾರಿಸುವ ಪ್ಲಗ್ ಬಿಚ್ಚಿದ. ಅದರ ತುದಿ ಚಹಾದ ಬಣ್ಣಕ್ಕಿದ್ದರೆ ಇಂಜಿನ್ ಸುಖವಾಗಿದೆ ಎಂದರ್ಥ. ಅವತ್ತು ಅದು ಸುಣ್ಣದ ಹಾಗೆ ಬೆಳ್ಳಗಿತ್ತು. ಇಂಜಿನ್ನಿಗೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿದೆ, ಅದಕ್ಕೇ ಇಷ್ಟು ಕಾಯುತ್ತಿದೆ ಎಂದು ಅಪ್ಪ ವಿವರಿಸಿದ. ಆದರೆ ಹೆಚ್ಚಿನ ಗಾಳಿ ಎಲ್ಲಿಂದ ಬರುತ್ತಿದೆ ಎಂಬುದು ಅವನಿಗೂ ಹೊಳೆಯಲಿಲ್ಲ.

ಅಕ್ಕ ಭಜನೆಯಲ್ಲಿ ಹಾಡುತ್ತಿದ್ದಳು. ಮನೆಯಲ್ಲಿ ಯಾರ ದನಿ ಶ್ರುತಿ ತಪ್ಪಿದರೂ ಅವಳ ಹುಬ್ಬು ಗಂಟಾಗುತ್ತಿತ್ತು. ಈಗಲೂ ಹಾಗೇ ಆಗಿತ್ತು. ಅವಳು ಅಪ್ಪನ ಪಕ್ಕ ಕುಕ್ಕರಗಾಲಲ್ಲಿ ಕೂತು ಹೇಳಿದಳು:

“ಅಪ್ಪಾ, ನೀ ರೇಸ್ ಬಿಟ್ಟಮ್ಯಾಲೂ ಸದ್ದು ಕೆಳಗ ಇಳಿಯವಲ್ದು. ಮೊದಲ ಬಿಟ್ಟ ಕೂಡಲೆ ಇಳೀತಿತ್ತು. ಕಾಕಾ ಇಂಜಿನ್ ಬಿಚ್ಚಿದಾಗಿಂದ ಹಂಗ ಮ್ಯಾಲೇ ನಿಂದರತೈತಿ.”

ಅಪ್ಪ ಅವಳನ್ನೇ ನೋಡಿದ. ಪ್ಲಗ್ ಹಾಕಿ, ಇಂಜಿನ್ ಆರುವವರೆಗೆ ಕಾದು, ಚಾಲೂ ಮಾಡಿದ. ರೇಸ್ ಕೊಟ್ಟು ಬಿಟ್ಟ. ಸದ್ದು ಮೇಲೇ ತೇಲುತ್ತ ಉಳಿಯಿತು. ಈಗ ನನಗೂ ಕೇಳಿಸಿತು. ಅಪ್ಪ ಹೇಳಿದಂತೆ ಅಕ್ಕ ಅಂಗೈಯಲ್ಲಿ ನೀರು ತೆಗೆದುಕೊಂಡು ಕಾರ್ಬ್ಯುರೇಟರ್ ಇಂಜಿನ್ನಿಗೆ ಕೂಡುವ ಸಂದಿಯ ಸುತ್ತ ಹನಿ ಹನಿಯಾಗಿ ಬಿಟ್ಟಳು. ಒಂದು ಬದಿಗೆ ಏನೂ ಆಗಲಿಲ್ಲ. ಇನ್ನೊಂದು ಬದಿಗೆ ಹನಿ ಬಿದ್ದದ್ದೇ ಸಂದಿ ಅದನ್ನು ಒಳಗೆ ಹೀರಿತು, ಸದ್ದು ತೊದಲಿ ಕೆಳಗಿಳಿಯಿತು.

“ಇಲ್ಲೇ ಐತಿ ನೋಡವ್ವಾ ಕಳ್ಳ ಗಾಳಿ,” ಎಂದ ಅಪ್ಪ, ಬಹಳ ಮೆತ್ತಗೆ.

ಪಾನಾ ತೆಗೆದು ಕಾರ್ಬ್ಯುರೇಟರ್ ಬಿಚ್ಚಿದಾಗ, ಸಂದಿಯಲ್ಲಿ ಗಾಳಿ ನುಸುಳದಂತೆ ನಡುವೆ ಇಡುವ ತೆಳ್ಳನೆಯ ಪ್ಯಾಕಿಂಗ್ ಒಂದು ಕಡೆ ಹರಿದಿತ್ತು. ದಾರಿಯಲ್ಲಿ ಹೊಸದು ಎಲ್ಲಿಂದ ತರುವುದು? ಅಪ್ಪನ ಚೀಲದಲ್ಲಿ ಸೂಜಿಗಳು ಬಂದಿದ್ದ ತೆಳ್ಳನೆಯ ರಟ್ಟಿನ ಡಬ್ಬಿ ಇತ್ತು. ಹಳೆಯದನ್ನು ಅದರ ಮೇಲಿಟ್ಟು ಅಕ್ಕ ಪೆನ್ಸಿಲಿನಿಂದ ಗೆರೆ ಎಳೆದಳು, ಅಪ್ಪ ಕುರಿಗಳಿಗೆ ಬಳಸುವ ಕತ್ತರಿಯಿಂದ ಕತ್ತರಿಸಿದ. ಎರಡೂ ಬದಿಗೆ ಗ್ರೀಸ್ ಸವರಿ ನಡುವೆ ಕೂರಿಸಿ ಬಿಗಿ ಮಾಡಿದರು. ಈ ಸಲ ರೇಸ್ ಬಿಟ್ಟರೆ ಸದ್ದು ಮಗು ಮಲಗಿದಂತೆ ಇಳಿಯಿತು.

ಅಪ್ಪ ಲಿಂಗಸುಗೂರಿನವರೆಗೆ ನಿಧಾನಕ್ಕೇ ಓಡಿಸಿದ. ಅಲ್ಲಿ ಪ್ಲಗ್ ತೆಗೆದು ನೋಡಿದರೆ ಬಿಳುಪು ಕಳೆದು ಕಂದು ಬಣ್ಣ ಹತ್ತತೊಡಗಿತ್ತು. ಗುರುಗುಂಟಾ ಮುಟ್ಟಿದಾಗ ಬಿಸಿಲು ವಾಲಿತ್ತು. ಡಬ್ಬಿಯಲ್ಲಿ ನಿಂಬೆಹಣ್ಣಿನಷ್ಟು ಬರ್ಫು ಉಳಿದಿತ್ತು. ಸೀಸೆಗಳು ಇನ್ನೂ ತಣ್ಣಗಿದ್ದವು.

ಮುದುಕಿ ಬೇಲಿಯ ಬಳಿಯೇ ನಿಂತಿದ್ದಳು. ಅವಳ ಮೊಮ್ಮಕ್ಕಳು ಕುರಿ ಹಿಡಿದರು, ಅಕ್ಕ ಅಪ್ಪನ ಕೈಗೆ ಸೂಜಿ ಕೊಟ್ಟಳು, ಅಪ್ಪ ಹೊತ್ತು ಮುಳುಗುವವರೆಗೆ ಬೆನ್ನು ನೆಟ್ಟಗೆ ಮಾಡಲಿಲ್ಲ. ಮೊದಲೇ ಜಡ್ಡು ಜೋರಾಗಿದ್ದ ಕೆಲವು ಉಳಿಯಲಿಲ್ಲವಂತೆ. ಉಳಿದ ಹಿಂಡು ಮಳೆಗಾಲಕ್ಕೆ ಮರಿ ಹಾಕಿತೆಂದು ಅದೇ ಡ್ರೈವರ್ ಬಂದು ಹೇಳಿದ. ಸೂಜಿ ಹಾಕಿದ ಆ ಸಂಜೆ ಮುದುಕಿ ಅಪ್ಪನಿಗೆ ಕೈಮುಗಿದು, ಅಕ್ಕನ ಗ್ರೀಸ್ ಹತ್ತಿದ ಕೈಗಳನ್ನು ಹಿಡಿದು, “ಹೊಟ್ಟಿ ಹಸದೈತಿ ನಿನಗ, ಉಣ್ಣು ಬಾ,” ಎಂದಳು. ರೊಟ್ಟಿ, ಕುರಿಯ ಹಾಲು, ಕೆಂಪು ಖಾರ. ಅಷ್ಟು ರುಚಿಯಾದ ಊಟ ನಾನು ಕಡಿಮೆ ಉಂಡಿದ್ದೇನೆ.

ನಾವು ಸಿಂಧನೂರಿಗೆ ಮರಳಿದ ಮೇಲೆ ಕಾಕಾ ಎಲ್ಲ ಕೇಳಿ ಕಾರ್ಬ್ಯುರೇಟರ್ ಕೂರುವ ಜಾಗ ಪರೀಕ್ಷಿಸಿದ. ಅದು ಸಮವಾಗಿರಲಿಲ್ಲ. ಕೂತು ಉಜ್ಜಿ ಸಮ ಮಾಡಿ ದಪ್ಪ ಪ್ಯಾಕಿಂಗ್ ಹಾಕಿದ. ಅಂದಿನಿಂದ ಯಾರದೇ ಇಂಜಿನ್ ಬಿಚ್ಚಿ ಕೂಡಿಸಿದರೂ, ಕೊಡುವ ಮೊದಲು ಅಕ್ಕನನ್ನು ಕರೆದು ಒಮ್ಮೆ ಕೇಳಿಸುತ್ತಿದ್ದ.

ಈಗ, ಮೊಮ್ಮಕ್ಕಳೇ, ನಿಮ್ಮ ಕರೆಂಟಿನ ಸ್ಕೂಟರಿಗೆ ಪೆಟ್ರೋಲೂ ಇಲ್ಲ, ಹೊಗೆಯೂ ಇಲ್ಲ. ಏನಾದರೂ ಕೆಟ್ಟರೆ ಅದರ ಪುಟ್ಟ ಪರದೆಯ ಮೇಲೆ ಅಕ್ಷರ ಮೂಡುತ್ತದೆ, ನೀವು ಫೋನ್ ಮಾಡುತ್ತೀರಿ. ಅದು ಒಳ್ಳೆಯದೇ. ದಾರಿಯಲ್ಲಿ ಬಿಸಿಲಿಗೆ ಕೂರುವುದು ಯಾರಿಗೂ ಬೇಡ. ನನಗೆ ಇರುವ ತೊಂದರೆ ಒಂದೇ. ಅಂದು ಅಪ್ಪನ ಸ್ಕೂಟರಿನ ಸದ್ದು ಓಣಿಯ ತುದಿಯಲ್ಲಿ ಕೇಳಿದರೆ ಸಾಕು, ಅವ್ವ ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಅಪ್ಪ ಕಾಲು ತೊಳೆದು ಕೂರುವಷ್ಟರಲ್ಲಿ ಬಿಸಿ ರೊಟ್ಟಿ. ನಿಮ್ಮ ಸ್ಕೂಟರಿಗೆ ಸದ್ದೇ ಇಲ್ಲ, ನೀವು ಬಂದದ್ದು ನನಗೆ ತಿಳಿಯುವುದೇ ಇಲ್ಲ. ಅದಕ್ಕೇ ಗೇಟಿನ ಹತ್ತಿರ ಬಂದಾಗ ‘ಅಜ್ಜಿ’ ಎಂದು ಒಂದು ಕೂಗು ಹಾಕಿ. ನಾನು ಹಂಚು ಇಡುತ್ತೇನೆ.