ಯಂಕುಬಾನ ಹರಳು
ಗ್ಯಾಂಬಿಯಾ ನದಿಯಾಚೆ, ಕಡಲೆಕಾಯಿ ಹೊಲಗಳ ನಡುವಿನ ಪುರಾತನ ಗೋರಿಗಳ ಕಲ್ಲುವೃತ್ತಕ್ಕೆ ಮುದುಕ ಯಂಕುಬಾ ಕಾವಲುಗಾರ. ಬೆಳಿಗ್ಗೆ ಬಂದವನೇ ಹನ್ನೊಂದು ಕಲ್ಲುಗಳನ್ನೂ, "ರಾತ್ರಿ ನೆಮ್ಮದಿಯಾಗಿ ಕಳೀತಾ?" ಎಂದು ಒಂದೊಂದಾಗಿ ವಿಚಾರಿಸುತ್ತಾನೆ, ಒಂದನ್ನು ಮರೆತರೆ ಊಟ ಬಿಟ್ಟು ಓಡಿಬರುತ್ತಾನೆ. ಫೋಟೋಗೆಂದು ಯಾರಾದರೂ ಕಲ್ಲಿಗೆ ಒರಗಿದರೋ, "ಏನಪ್ಪಾ, ನಿಮ್ಮಜ್ಜನ ಮೈಮೇಲೂ ಹಿಂಗೇ ಬೀಳ್ತೀಯಾ?" ಎನ್ನುತ್ತಾನೆ. "ಯಾರ ಗೋರಿಗಳೋ ಗೊತ್ತಿಲ್ಲವಂತೆ" ಎಂದವರಿಗೆ, "ನಿನ್ನ ಮುತ್ತಜ್ಜನ ಅಜ್ಜನ ಹೆಸರು ಹೇಳು ನೋಡೋಣ" ಎಂದು ಬಾಯಿ ಮುಚ್ಚಿಸುತ್ತಾನೆ. ಹರಕೆ ಹೊತ್ತವರು ಕಲ್ಲಿನ ನೆತ್ತಿಯ ಮೇಲೊಂದು ಹರಳಿಡುತ್ತಾರೆ, ಈಡೇರಿದಾಗ ಬಂದು ಇಳಿಸುತ್ತಾರೆ. ನಡುವೆ ಗಾಳಿಗೆ ಬಿದ್ದರೆ, ಯಾರದು ಯಾವ ಕಲ್ಲಿನದೆಂದು ನೆನಪಿಟ್ಟು ಮತ್ತೆ ಇಡುವವನು ಯಂಕುಬಾ. "ನಿಮ್ಮ ಹರಳು ಯಾವುದಜ್ಜಾ?" ಎಂದು ಒಮ್ಮೆ ಒಬ್ಬಾಕೆ ಕೇಳಿದಳು. ಅವನು ಎದೆಯ ಮೇಲಿನ ಕಾವಲುಗಾರನ ಬಿಲ್ಲೆಯನ್ನು ಅಂಗಿಯ ತೋಳಿನಿಂದ ಒರೆಸಿಕೊಂಡ. "ಇದು ಸಿಕ್ಕಿದ ದಿನಾನೇ ಇಳಿಸ್ಬಿಟ್ಟೆ, ತಾಯಿ."